ಬಿಚ್ಚಿ ನೋಡದೆ ಗುಜರಿಗೆ

ಕೆಟ್ಟ ಮೋಟರಿನ ಹಿಂದೆ ಬೀಳಬೇಡಿ, ಹೊಸದು ತಂದುಬಿಡಿ. ಹೊಸಪೇಟೆಯ ಎಲೆಕ್ಟ್ರಿಕಲ್ ಅಂಗಡಿಗಳಿಂದ ಕಂಪ್ಲಿಯ ಗದ್ದೆ ಬದುವಿನವರೆಗೆ ಈಗ ಎಲ್ಲರ ಬಾಯಲ್ಲೂ ಇದೇ ಬುದ್ಧಿವಾದ. ಅಂಗಡಿಯವರು ಮಾತ್ರ ಹೇಳುತ್ತಿದ್ದರೆ ವ್ಯಾಪಾರದ ಮಾತು ಎಂದು ಸುಮ್ಮನಿರಬಹುದಿತ್ತು. ಆದರೆ ಇಂಜಿನಿಯರಿಂಗ್ ಓದಿದವರು ದಕ್ಷತೆಯ ಪಟ್ಟಿ ಹಿಡಿದು ಇದನ್ನೇ ಹೇಳುತ್ತಾರೆ. ವಿದ್ಯುತ್ ಉಳಿತಾಯದ ಯೋಜನೆಗಳು ಹಳೆಯ ಪಂಪ್‌ಸೆಟ್ ಕಿತ್ತು ಐದು ಸ್ಟಾರಿನದನ್ನು ಕೂರಿಸುವುದನ್ನೇ ಸುಧಾರಣೆ ಎಂದು ಕರೆಯುತ್ತವೆ. ಊರಿಗೆ ಬಂದ ಮಗ ಅಪ್ಪನಿಗೆ ಕೊಡುವ ಸಲಹೆಯೂ ಇದೇ. ಇಷ್ಟು ಜನ ಒಪ್ಪಿದ ಮಾತಿನ ಬೆನ್ನಿಗೆ ಕೆಲವು ನಂಬಿಕೆಗಳಿವೆ: ಮೋಟರಿಗೆ ಇಂತಿಷ್ಟು ಎಂದು ಆಯಸ್ಸಿದೆ, ಒಮ್ಮೆ ರಿವೈಂಡಿಂಗ್ ಆದದ್ದು ಕರೆಂಟು ನುಂಗುತ್ತದೆ, ಅದನ್ನು ಮನೆಯಂಗಳದಲ್ಲಿ ಬಿಚ್ಚಿ ತೊಳೆದು ಕಟ್ಟುವುದು ಕೆಲಸವಿಲ್ಲದವರ ಉಸಾಬರಿ. ಇವು ಒಂದೊಂದೂ ಅರ್ಧ ನಿಜ. ಆ ಅರ್ಧ ನಿಜಗಳನ್ನು ಕೂಡಿಸಿ ಕಟ್ಟಿದ ತೀರ್ಮಾನ ಮಾತ್ರ ಪೂರ್ತಿ ತಪ್ಪು. ಮೋಟರ್ ಯಾಕೆ ನಿಂತಿತು ಎಂದು ಕೇಳದೆ ಅದನ್ನು ಬದಲಿಸಿದರೆ ನಿಲ್ಲಿಸಿದ ಕಾರಣ ಅಲ್ಲೇ ಉಳಿಯುತ್ತದೆ, ಮುಂದಿನ ಮೋಟರಿಗಾಗಿ ಕಾಯುತ್ತದೆ. ಕಾರಣ ಗೊತ್ತಾಗುವುದು ಬಿಚ್ಚಿದಾಗ ಮಾತ್ರ.

ಮೋಟರಿನೊಳಗೆ ಮುಪ್ಪಾಗುವುದು ಏನು ಎಂಬುದನ್ನು ಮೊದಲು ನೋಡೋಣ. ನಮ್ಮ ಹೊಲಗಳಲ್ಲಿ ತಿರುಗುವ ಮೂರು ಫೇಸಿನ ಮೋಟರಿನ ಮೂಲರೂಪ 1889ರದು. ಜರ್ಮನಿಯ ಎಇಜಿ ಕಂಪನಿಯಲ್ಲಿದ್ದ ಡೊಲಿವೊ-ಡೊಬ್ರೊವೊಲ್ಸ್ಕಿ ಅದನ್ನು ರೂಪಿಸಿದ. ಮುಂದೆ ಅದೇ ಎಇಜಿಯ ಸಹಯೋಗದಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆ ಮೋಟರುಗಳನ್ನು ತಯಾರಿಸಿತು. ಕಾರ್ಖಾನೆ ಮುಚ್ಚಿ ಎರಡು ದಶಕ ಕಳೆದಿದೆ, ಅಲ್ಲಿ ತಯಾರಾದ ಮೋಟರನ್ನು ರಿಪೇರಿ ಮಾಡಲು ಮಾತ್ರ ಇಂದಿಗೂ ಯಾವ ಅಡ್ಡಿಯೂ ಇಲ್ಲ. ಯಾಕೆಂದರೆ ಆ ಯಂತ್ರದ ರಚನೆ ಅಷ್ಟು ಸರಳ. ಹೊರಗೆ ಬೀಡುಕಬ್ಬಿಣದ ಮೈ. ಅದರೊಳಗೆ ತೆಳುವಾದ ಉಕ್ಕಿನ ಹಾಳೆಗಳನ್ನು ಒತ್ತಿ ಜೋಡಿಸಿದ ಸ್ಟೇಟರ್, ಹಾಳೆಗಳ ಸ್ಲಾಟುಗಳಲ್ಲಿ ತಾಮ್ರದ ಕಾಯಿಲು. ನಡುವೆ ತಿರುಗುವ ರೋಟರಿನಲ್ಲಿ ಅಲ್ಯೂಮಿನಿಯಂ ಸರಳುಗಳಿವೆ. ತಂತಿಯೂ ಇಲ್ಲ, ಕಾರ್ಬನ್ನೂ ಇಲ್ಲ. ಸಣ್ಣ ಮೋಟರಿನಲ್ಲಿ ರೋಟರಿಗೂ ಸ್ಟೇಟರಿಗೂ ನಡುವಿನ ಸಂದು ಅರ್ಧ ಮಿಲಿಮೀಟರಿನ ಆಸುಪಾಸು. ಅವು ಒಂದನ್ನೊಂದು ಮುಟ್ಟುವುದೇ ಇಲ್ಲ. ಮುಟ್ಟುವುದು ಎರಡು ಬೇರಿಂಗುಗಳಲ್ಲಿ ಮಾತ್ರ, ಹಾಗಾಗಿ ಸವೆಯುವುದೂ ಅಲ್ಲೇ. ಉಕ್ಕು, ತಾಮ್ರ, ಅಲ್ಯೂಮಿನಿಯಂ ಮೂರಕ್ಕೂ ಇಪ್ಪತ್ತು ಮೂವತ್ತು ವರ್ಷ ದೊಡ್ಡದಲ್ಲ. ಮುಪ್ಪಾಗುವುದು ಬೇರಿಂಗಿನ ಗುಂಡು, ಅದರೊಳಗಿನ ಗ್ರೀಸು, ತಂತಿಯ ಮೇಲಿನ ಎನಾಮಲ್ ಮತ್ತು ವಾರ್ನಿಶು, ಒಂದು ಫೇಸಿನದಾದರೆ ಕಂಡೆನ್ಸರ್. ಇವೆಲ್ಲ ಬದಲಿಸಲೆಂದೇ ಇರುವ ಭಾಗಗಳು. ಬೇರಿಂಗಿನ ವಿಷಯದಲ್ಲಂತೂ ಜಗತ್ತೇ ಒಂದು ಅಳತೆಗೆ ಒಪ್ಪಿಕೊಂಡಿದೆ: 6203 ಎಂದರೆ ಯಾವ ದೇಶದಲ್ಲಿ ಯಾರು ಮಾಡಿದರೂ ಒಳತೂತು 17, ಹೊರಸುತ್ತು 40, ಅಗಲ 12 ಮಿಲಿಮೀಟರ್. ಬ್ರ್ಯಾಂಡು ಸತ್ತರೂ ಮೋಟರ್ ಸಾಯದೆ ಇರಲು ಈ ಒಪ್ಪಂದವೇ ಸಾಕು.

ಮನೆಯೊಳಗಿನ ಮೋಟರುಗಳ ಕತೆ ಇನ್ನೂ ಸುಲಭ, ಅವುಗಳ ಮೇಲಿನ ತೀರ್ಪೂ ಅಷ್ಟೇ ಅವಸರದ್ದು. ಮಿಕ್ಸಿ ಓಡುತ್ತಿಲ್ಲವೆಂದರೆ ಸುಟ್ಟುಹೋಯಿತು ಎನ್ನುತ್ತಾರೆ. ಎಷ್ಟೋ ಮಿಕ್ಸಿಗಳ ತಳದಲ್ಲಿ ಒಂದು ಕೆಂಪು ಗುಂಡಿ ಇದೆ. ದೋಸೆಹಿಟ್ಟು ಗಟ್ಟಿಯಾಗಿ ಹೊರೆ ಹೆಚ್ಚಾದಾಗ ಅದು ತಾನಾಗಿ ಹೊರಗೆ ಹಾರಿ ಮೋಟರನ್ನು ಕಾಯುತ್ತದೆ, ಮತ್ತೆ ಒತ್ತಿದರೆ ಮಿಕ್ಸಿ ತಿರುಗುತ್ತದೆ. ಅದಲ್ಲದಿದ್ದರೆ ಸವೆದ ಕಾರ್ಬನ್. ಸೀಲಿಂಗ್ ಫ್ಯಾನ್ ನಿಧಾನವಾದರೆ ಹಳೆಯದಾಯಿತು ಎನ್ನುತ್ತಾರೆ. ಬಹಳ ಸಲ ಇಳಿದಿರುವುದು ಎರಡೂವರೆ ಮೈಕ್ರೋಫ್ಯಾರಡಿನ ಒಂದು ಕಂಡೆನ್ಸರಿನ ಶಕ್ತಿ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಅರ್ಧ ಎಚ್‌ಪಿ ಮೋಟರ್ ಗುಂಯ್ ಎಂದು ಗೊಣಗಿ ತಿರುಗದೆ ನಿಂತರೆ ಅಲ್ಲೂ ಮೊದಲ ಅನುಮಾನ ಕಂಡೆನ್ಸರಿನ ಮೇಲೆ, ಎರಡನೆಯದು ಬೇಸಿಗೆಯಲ್ಲಿ ಓಡದೆ ಬಿದ್ದಿದ್ದು ತುಕ್ಕಿನಿಂದ ಕಚ್ಚಿಕೊಂಡ ಇಂಪೆಲ್ಲರಿನ ಮೇಲೆ ಇರಬೇಕು. ಇವುಗಳಲ್ಲಿ ಯಾವುದೂ ವೈಂಡಿಂಗಿಗೆ ಸಂಬಂಧಿಸಿದ್ದಲ್ಲ. ಗೊಣಗುತ್ತಿರುವ ಮೋಟರಿಗೆ ಹತ್ತು ನಿಮಿಷ ಸ್ವಿಚ್ ಒತ್ತಿ ಹಿಡಿದು ನಿಜವಾಗಿಯೂ ಸುಟ್ಟುಬಿಡುವವರು ನಾವೇ.

ಕಂಪ್ಲಿಯ ಕಡೆಗೆ ಬಂದರೆ ನೀರಿನ ಪ್ರಶ್ನೆ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಹಂಪಿಯಲ್ಲಿ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿ–ಗಂಗಾವತಿ ಸೇತುವೆ ಬಂದ್ ಆಗುತ್ತದೆ. ಪತ್ರಿಕೆಗಳಲ್ಲಿ ಬರುವ ಚಿತ್ರ ಅವೆರಡರದ್ದು. ದಂಡೆಯ ಪಂಪ್‌ಸೆಟ್ಟುಗಳ ಚಿತ್ರ ಯಾರೂ ತೆಗೆಯುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೇ ಕ್ರಸ್ಟ್ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ ಮಾಡಿದಂತೆ, ಹೊಳೆ ಏರುತ್ತದೆಂದು ಗೊತ್ತಾದೊಡನೆ ಮೋಟರ್ ಬಿಚ್ಚಿ ಮೇಲಕ್ಕೆ ಸಾಗಿಸಲು ಸಮಯ ಸಿಕ್ಕವರು ಪುಣ್ಯವಂತರು. ಮಿಕ್ಕವರದು ನೀರು ಕುಡಿದ ಮೋಟರ್. ನೀರು ಕುಡಿದದ್ದು ಸುಟ್ಟದ್ದಲ್ಲ ಎಂಬ ಒಂದು ವ್ಯತ್ಯಾಸ ತಿಳಿದಿದ್ದರೆ ಸಾಕು. ಕರೆಂಟು ಕೊಡದಿದ್ದರೆ ಆ ಮೋಟರ್ ಬದುಕಿದೆ. ಒಣಗಿತೇನೋ ನೋಡೋಣ ಎಂದು ಸ್ವಿಚ್ ಹಾಕಿದರೆ ಆ ಗಳಿಗೆಯಲ್ಲಿ ಸಾಯುತ್ತದೆ. ಎಂಡ್ ಕವರ್ ಬಿಚ್ಚಿ, ರೋಟರ್ ಹೊರತೆಗೆದು, ಹೊಳೆಯ ಕೆಸರನ್ನು ಶುದ್ಧ ನೀರಿನಿಂದಲೇ ತೊಳೆಯಬೇಕು. ನೀರಿನಿಂದ ಕೆಟ್ಟದ್ದಕ್ಕೆ ನೀರೇ ಔಷಧಿ ಎಂಬುದು ವಿಚಿತ್ರವೆನಿಸಬಹುದು, ಆದರೆ ಪ್ರವಾಹದಲ್ಲಿ ಮುಳುಗಿದ ಕಾರ್ಖಾನೆಗಳ ದೊಡ್ಡ ಮೋಟರುಗಳಿಗೂ ಮಾಡುವುದು ಇದನ್ನೇ: ಕೆಸರು ತೊಳೆ, ಒಣಗಿಸು, ಅಳೆ. ಮನೆಯಲ್ಲಿ ಓವನ್ ಇಲ್ಲದಿದ್ದರೇನು, ನಮ್ಮ ಸೀಮೆಯ ಬಿಸಿಲಿದೆ. ಮೋಡವಿದ್ದರೆ ಸ್ಟೇಟರಿನ ಹೊಟ್ಟೆಯೊಳಗೆ ಇನ್ನೂರು ವ್ಯಾಟಿನ ಹಳೆಯ ಬಲ್ಬೊಂದನ್ನು ತೂಗುಹಾಕಿ, ಮೇಲೆ ತಗಡು ಮುಚ್ಚಿ, ಹಬೆ ಹೋಗಲು ಸಂದು ಬಿಟ್ಟು ಒಂದೆರಡು ದಿನ ಇಡಬಹುದು. ಬಲ್ಬು ಕಾಯಿಲಿಗೆ ತಗುಲಬಾರದು. ಆಮೇಲೆ ಇನ್ಸುಲೇಶನ್ ಅಳೆಯುವ 500 ವೋಲ್ಟಿನ ಮೆಗ್ಗರಿನಿಂದ ಕಾಯಿಲಿಗೂ ಮೈಗೂ ನಡುವೆ ಅಳೆದು, ಓದು ಒಂದು ಮೆಗಾಓಮಿಗಿಂತ ಚೆನ್ನಾಗಿ ಮೇಲೇರಿ ನಿಲ್ಲುವ ತನಕ ಮತ್ತೆ ಒಣಗಿಸಬೇಕು. ಬೇರಿಂಗ್ ಮಾತ್ರ ಹೊಸದೇ ಬೇಕು. ಕೆಸರು ಹೊಕ್ಕ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಹಾಕುವ ಜಿಪುಣತನ ಮೂರು ತಿಂಗಳಲ್ಲಿ ಬಡ್ಡಿ ಸಮೇತ ವಸೂಲಿಯಾಗುತ್ತದೆ.

ಸಂಡೂರಿನಲ್ಲಿ ವೈರಿ ನೀರಲ್ಲ, ಧೂಳು. ಅದಿರಿನ ಲಾರಿ ಓಡುವ ದಾರಿಯ ಇಕ್ಕೆಲದಲ್ಲಿ ಗಿಡದ ಎಲೆ ಕೆಂಪಾಗಿದ್ದರೆ ಆ ದಾರಿಯ ಮೋಟರಿನ ಒಳಗೂ ಕೆಂಪಾಗಿರುತ್ತದೆ. ಮೋಟರಿನ ಮೈಮೇಲಿನ ಏಣುಗಳು ಅಲಂಕಾರಕ್ಕಲ್ಲ, ಹಿಂದಿನ ಫ್ಯಾನು ಬೀಸುವ ಗಾಳಿ ಅವುಗಳ ನಡುವೆ ಹರಿದು ಶಾಖವನ್ನು ಒಯ್ಯಬೇಕು. ಅಲ್ಲಿ ಧೂಳು ಎಣ್ಣೆಯೊಡನೆ ಸೇರಿ ಗಾರೆಯಂತೆ ಕಟ್ಟಿದರೆ ಮೋಟರ್ ಕಂಬಳಿ ಹೊದ್ದು ಓಡಿದ ಹಾಗೆ. ಕಾಯಿಲಿನ ಇನ್ಸುಲೇಶನ್ ತನ್ನ ಮಿತಿಗಿಂತ ಹತ್ತು ಡಿಗ್ರಿ ಹೆಚ್ಚು ಬಿಸಿಯಲ್ಲಿ ಓಡಿದರೆ ಅದರ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕ್ಷೇತ್ರದ ಹಳೆಯ ಲೆಕ್ಕ. ಒಂದು ಬ್ರಷ್ಷು, ಒಣಬಟ್ಟೆ, ಅರ್ಧ ದಿನದ ಕೆಲಸ ಎಷ್ಟು ವರ್ಷಗಳನ್ನು ಉಳಿಸುತ್ತದೆ ಎಂಬುದನ್ನು ಇದರಿಂದಲೇ ಊಹಿಸಬಹುದು. ಹೊಸ ಮೋಟರ್ ತಂದು ಅದೇ ಧೂಳಿನಲ್ಲಿ ಕೂರಿಸಿ ಅದನ್ನೂ ಎಂದೂ ಒರೆಸದಿದ್ದರೆ ಗತಿ ಬೇರೆಯಾಗುವುದಿಲ್ಲ.

ಇಷ್ಟೆಲ್ಲ ಸುಡದ ಮೋಟರಿನ ಮಾತಾಯಿತು. ನಿಜವಾಗಿಯೂ ಸುಟ್ಟದ್ದಕ್ಕೆ ಏನು ಹೇಳುತ್ತೀರಿ ಎಂದು ಎದುರಾಳಿ ಕೇಳಬಹುದು, ಕೇಳಬೇಕು. ನನ್ನ ವಾದದ ತಿರುಳು ಅಲ್ಲಿಯೇ ಇದೆ. ಸುಟ್ಟ ಕಾಯಿಲು ತಾನು ಹೇಗೆ ಸತ್ತೆನೆಂದು ತಾನೇ ಹೇಳುತ್ತದೆ. ಸ್ಟಾರ್ ಕನೆಕ್ಷನ್ನಿನ ಮೋಟರಿಗೆ ಓಡುವಾಗ ಒಂದು ಫೇಸ್ ತಪ್ಪಿದರೆ ಎರಡು ಫೇಸಿನ ಕಾಯಿಲುಗಳು ಕಪ್ಪಾಗಿ ಮೂರನೆಯದು ಹೊಸದರಂತೆ ಉಳಿದಿರುತ್ತದೆ. ಡೆಲ್ಟಾ ಆಗಿದ್ದರೆ ತಿರುಗುಮುರುಗು, ಒಂದು ಫೇಸಿನದು ಸುಟ್ಟು ಎರಡು ಉಳಿಯುತ್ತವೆ. ಎಲ್ಲ ಕಾಯಿಲುಗಳೂ ಒಂದೇ ಸಮ ಕಪ್ಪಾಗಿದ್ದರೆ ಹೊರೆ ಹೆಚ್ಚಾಗಿದೆ, ಇಲ್ಲವೇ ವೋಲ್ಟೇಜ್ ಇಳಿದಿದೆ, ಇಲ್ಲವೇ ಗಾಳಿಯಾಡಿಲ್ಲ. ಒಂದೇ ಸ್ಲಾಟಿನಲ್ಲಿ ತಂತಿ ಕರಗಿ ಮಣಿಯಾಗಿದ್ದರೆ ಅಲ್ಲಿ ಇನ್ಸುಲೇಶನ್ ಹರಿದು ಮೈಗೆ ಶಾರ್ಟ್ ಆಗಿದೆ. ರೋಟರಿನ ಮೈ ಒಂದು ಕಡೆ ಉಜ್ಜಿ ಹೊಳೆಯುತ್ತಿದ್ದರೆ ಮೊದಲು ಸತ್ತದ್ದು ಬೇರಿಂಗ್, ಕಾಯಿಲು ಅದರ ಹಿಂದೆ ಹೋಯಿತು. ಶಾಫ್ಟಿನ ಪಂಪ್ ಬದಿಯ ಬೇರಿಂಗ್ ಮಾತ್ರ ತುಕ್ಕು ಹಿಡಿದಿದ್ದರೆ ಗ್ಲ್ಯಾಂಡಿನಿಂದಲೋ ಸೀಲಿನಿಂದಲೋ ನೀರು ಬಹಳ ದಿನದಿಂದ ಜಿನುಗುತ್ತಿತ್ತು. ಈ ಗುರುತುಗಳನ್ನು ಓದಲು ಡಿಗ್ರಿ ಬೇಡ, ನಾಲ್ಕು ಬೋಲ್ಟು ಬಿಚ್ಚುವ ವ್ಯವಧಾನ ಬೇಕು. ಮೋಟರನ್ನು ಇದ್ದ ಹಾಗೆಯೇ ತಕ್ಕಡಿಗೆ ಹಾಕಿದವನು ಈ ಸಾಕ್ಷಿಯನ್ನೂ ಕಿಲೋ ಲೆಕ್ಕದಲ್ಲಿ ಮಾರಿದ್ದಾನೆ.

ಆ ಸಾಕ್ಷಿ ಬಹಳ ಸಲ ಬೊಟ್ಟು ಮಾಡುವುದು ಮೋಟರಿನತ್ತ ಅಲ್ಲ, ಕಂಬದತ್ತ. ಕಾಲುವೆ ನೀರು ತಾನಾಗಿ ಹರಿದುಬರುವ ಗದ್ದೆಗೆ ಮೋಟರ್ ಬೇಕಿಲ್ಲ. ಬೇಕಾಗಿರುವುದು ಕಾಲುವೆಯ ಕೊನೆಯಂಚಿಗೆ, ಎತ್ತರದ ಹೊಲಕ್ಕೆ, ಹೊಳೆದಂಡೆಯಿಂದ ಒಳಗಿರುವ ತೋಟಕ್ಕೆ. ಅಂಥ ಕಡೆ ವಿದ್ಯುತ್ ಲೈನಿನದೂ ಬಹುಪಾಲು ಕೊನೆಯಂಚೇ. ಪಂಪ್‌ಸೆಟ್ಟಿಗೆ ಮೂರು ಫೇಸ್ ಸಿಗುವುದು ದಿನಕ್ಕೆ ಏಳು ಗಂಟೆ ಎಂಬ ಲೆಕ್ಕದಲ್ಲಿ. ಕರೆಂಟು ಬಂದ ಕ್ಷಣ ಒಂದು ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಕೆಳಗಿನ ಎಲ್ಲ ಆಟೋ ಸ್ಟಾರ್ಟರುಗಳೂ ಒಟ್ಟಿಗೆ ಎಳೆಯುತ್ತವೆ, ಅಧಿಕೃತವಲ್ಲದ ಮೋಟರುಗಳೂ ಅವುಗಳ ಜೊತೆಗೆ. 415 ಇರಬೇಕಾದ ವೋಲ್ಟೇಜ್ 340ಕ್ಕೆ ಇಳಿದರೆ ಮೋಟರಿನ ತಿರುಗುಬಲ ಮೂರರಲ್ಲಿ ಎರಡು ಪಾಲಿಗೆ ಕುಸಿಯುತ್ತದೆ, ಏಕೆಂದರೆ ಅದು ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. ನೀರಿನ ಭಾರ ಮಾತ್ರ ಇಳಿಯುವುದಿಲ್ಲ. ಹಾಗಾಗಿ ಮೋಟರ್ ಹೆಚ್ಚು ಆಂಪಿಯರ್ ಎಳೆದು ಬಿಸಿಯಾಗುತ್ತದೆ. ಮೂರು ಫೇಸುಗಳ ನಡುವೆ ಮೂರೂವರೆ ಶೇಕಡಾ ವೋಲ್ಟೇಜ್ ಏರುಪೇರಿದ್ದರೆ ಕಾಯಿಲಿನ ಶಾಖದ ಏರಿಕೆ ಸುಮಾರು ಕಾಲು ಭಾಗ ಹೆಚ್ಚುತ್ತದೆ. ಇದರ ಮೇಲೆ, ಒಂದು ಫೇಸ್ ಇಲ್ಲದ ಹೊತ್ತಿನಲ್ಲಿ ಕಂಡೆನ್ಸರ್ ಕಟ್ಟಿ ಓಡಿಸುವ ನಮ್ಮ ಜಾಣತನ, ಪದೇ ಪದೇ ಬೀಳುತ್ತದೆಂದು ಸ್ಟಾರ್ಟರಿನ ರಿಲೇಯನ್ನೇ ತೆಗೆದು ನೇರ ಕೊಟ್ಟ ಧೈರ್ಯ. ಈಗ ಹೇಳಿ, ಈ ಕಂಬಕ್ಕೆ ಐದು ಸ್ಟಾರಿನ ಮೋಟರ್ ತಂದು ಕಟ್ಟಿದರೆ ಅದನ್ನು ಸ್ಟಾರುಗಳು ಕಾಪಾಡುತ್ತವೆಯೆ? ಅದರ ಎನಾಮಲ್ಲೂ ಅದೇ ಶಾಖದಲ್ಲಿ ಬೇಯುತ್ತದೆ. ವಾರಂಟಿ ಕಾರ್ಡಿನ ಸಣ್ಣ ಅಕ್ಷರಗಳನ್ನು ಓದಿದವರಿಗೆ, ವೋಲ್ಟೇಜಿನಿಂದ ಸುಟ್ಟದ್ದಕ್ಕೆ ಯಾರು ಹೊಣೆ ಎಂಬುದೂ ಗೊತ್ತಿರುತ್ತದೆ.

ಎದುರಾಳಿಯ ಬಲವಾದ ಅಸ್ತ್ರ ದಕ್ಷತೆ. ರಿವೈಂಡ್ ಮಾಡಿದಾಗಲೆಲ್ಲ ಮೋಟರ್ ಒಂದಿಷ್ಟು ದಕ್ಷತೆ ಕಳೆದುಕೊಳ್ಳುತ್ತದೆ, ಎರಡು ಮೂರು ಸಲವಾದರೆ ಅದು ಕರೆಂಟು ತಿನ್ನುವ ಕಬ್ಬಿಣದ ಮುದ್ದೆ ಎನ್ನುತ್ತಾರೆ. ಇದನ್ನು ಊಹೆಗೆ ಬಿಡದೆ ಅಳೆದು ನೋಡಿದವರಿದ್ದಾರೆ. ಮೋಟರ್ ರಿಪೇರಿಯವರ ಎರಡು ಸಂಘಗಳು, ಅಮೆರಿಕದ ಈಸಾ ಮತ್ತು ಬ್ರಿಟನ್ನಿನ ಎಇಎಂಟಿ, 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 50ರಿಂದ 300 ಎಚ್‌ಪಿವರೆಗಿನ ಮೋಟರುಗಳನ್ನು ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ರಿವೈಂಡಿಂಗಿಗೆ ಮುನ್ನ ಮತ್ತು ನಂತರ ಪರೀಕ್ಷಿಸಲಾಯಿತು. ಹಳೆಯ ಕಾಯಿಲನ್ನು ಹದವಾದ ಶಾಖದಲ್ಲಿ ತೆಗೆದು ಕ್ರಮಬದ್ಧವಾಗಿ ಸುತ್ತಿದ ಮೋಟರುಗಳಲ್ಲಿ ದಕ್ಷತೆ ಇಳಿದದ್ದು ಸರಾಸರಿ ಶೇಕಡಾ 0.1ರಷ್ಟು. ಹಲವು ಸಲ ಸುತ್ತಿದವುಗಳದ್ದೂ ಹೆಚ್ಚುಕಡಿಮೆ ಅಷ್ಟೇ. ಆ ಹದವಿಲ್ಲದೆ ಸುತ್ತಿದವು ಅರ್ಧ ಶೇಕಡಾದಷ್ಟು ಇಳಿದವು. ರಿಪೇರಿಯವರೇ ಮಾಡಿಸಿದ ಅಧ್ಯಯನ ಎಂದು ಮೂಗು ಮುರಿಯಬಹುದು. ಪರೀಕ್ಷಿಸಿದ ಮೋಟರುಗಳು ನಮ್ಮ ಐದು ಎಚ್‌ಪಿಗಿಂತ ಬಹಳ ದೊಡ್ಡವು ಎಂಬುದೂ ನಿಜ. ಆದರೆ ಅದು ತೋರಿಸಿದ ಕಾರಣ ಚಿಕ್ಕದಕ್ಕೂ ಅನ್ವಯಿಸುತ್ತದೆ. ಹಾನಿ ಆಗುವುದು ಸುತ್ತುವುದರಿಂದಲ್ಲ, ಕೀಳುವ ರೀತಿಯಿಂದ. ಸ್ಟೇಟರಿನ ಒಂದೊಂದು ಉಕ್ಕಿನ ಹಾಳೆಗೂ ತೆಳುವಾದ ಇನ್ಸುಲೇಶನ್ ಲೇಪವಿದೆ. ಅವಸರಕ್ಕೆ ಸ್ಟೇಟರನ್ನೇ ಬೆಂಕಿಗೆ ಹಾಕಿ ಕೆಂಪಗೆ ಕಾಯಿಸಿದರೆ, ಉಳಿಯಿಂದ ಸ್ಲಾಟುಗಳನ್ನು ಕೆತ್ತಿದರೆ ಆ ಲೇಪ ಸತ್ತು ಹಾಳೆಗಳು ಒಂದಕ್ಕೊಂದು ಅಂಟುತ್ತವೆ, ಕಬ್ಬಿಣವೇ ಬಿಸಿಯಾಗತೊಡಗುತ್ತದೆ. ಮೊದಲಿದ್ದ ಗೇಜಿನ ತಂತಿ ಸಿಗಲಿಲ್ಲವೆಂದು ತೆಳುವಾದದ್ದನ್ನು ಸುತ್ತುವುದು, ಸುತ್ತು ಕಡಿಮೆ ಮಾಡುವುದು, ತಾಮ್ರದ ಜಾಗಕ್ಕೆ ಅಲ್ಯೂಮಿನಿಯಂ ಹಾಕುವುದು ಇನ್ನುಳಿದ ಪಾಪಗಳು. ಇವು ಕೆಟ್ಟ ರಿವೈಂಡಿಂಗಿನ ವಿರುದ್ಧದ ವಾದಗಳು, ರಿವೈಂಡಿಂಗಿನ ವಿರುದ್ಧದವಲ್ಲ. ಅಷ್ಟೇ ಅಲ್ಲ, ಹಳೆಯ ಮೋಟರಿನ ಇನ್ಸುಲೇಶನ್ 120 ಅಥವಾ 130 ಡಿಗ್ರಿ ತಾಳುವ ದರ್ಜೆಯದಾಗಿದ್ದರೆ ಈಗ ಸಿಗುವ ತಂತಿ, ಕಾಗದ, ವಾರ್ನಿಶಿನಿಂದ 155 ಡಿಗ್ರಿಯ ಎಫ್ ದರ್ಜೆಗೆ ಏರಿಸಬಹುದು. ಆ ಒಂದು ವಿಷಯದಲ್ಲಿ ಮರುಕಟ್ಟಿದ್ದು ಮೂಲಕ್ಕಿಂತ ಗಟ್ಟಿ. ಕಾರ್ಖಾನೆಗಳಲ್ಲಿ ನೂರಾರು ಎಚ್‌ಪಿಯ ಮೋಟರ್ ಸುಟ್ಟರೆ ರಿವೈಂಡಿಂಗಿಗೇ ಕಳಿಸುತ್ತಾರೆ, ಜಲವಿದ್ಯುತ್ ಕೇಂದ್ರಗಳ ಜನರೇಟರುಗಳಿಗೂ ಕಾಯಿಲು ಬದಲಿಸಿಯೇ ಮುಂದುವರಿಯುತ್ತಾರೆ. ಆ ಯಂತ್ರಗಳ ಬಗ್ಗೆ ಯಾರೂ ಆಡದ ಮಾತನ್ನು ರೈತನ ಐದು ಎಚ್‌ಪಿಯ ಬಗ್ಗೆ ಮಾತ್ರ ಆಡುವುದೇಕೆ?

ಬೆಲೆಯ ಕಾರಣಕ್ಕೆ, ಎನ್ನಬಹುದು: ದೊಡ್ಡದು ದುಬಾರಿ, ಚಿಕ್ಕದು ಅಗ್ಗ, ಹೊಸದು ತಂದರೆ ಕರೆಂಟೂ ಉಳಿಯುತ್ತದೆ. ಆ ಲೆಕ್ಕವನ್ನೂ ಹಾಕಿಬಿಡೋಣ. ಐದು ಎಚ್‌ಪಿ ಎಂದರೆ 3.7 ಕಿಲೋವ್ಯಾಟ್. ಹಳೆಯ ಮೋಟರಿನ ದಕ್ಷತೆ ಶೇಕಡಾ 84 ಎಂದುಕೊಂಡರೆ ಪೂರ್ಣ ಹೊರೆಯಲ್ಲಿ ಅದು ಎಳೆಯುವುದು 4.40 ಕಿಲೋವ್ಯಾಟ್. ಐಇ-3 ದರ್ಜೆಯ ಹೊಸದಕ್ಕೆ ನಿಗದಿಯಾದ ದಕ್ಷತೆ 88.4, ಅದು ಎಳೆಯುವುದು 4.19. ದಿನಕ್ಕೆ ಏಳು ಗಂಟೆಯಂತೆ ವರ್ಷಕ್ಕೆ ಇನ್ನೂರು ದಿನ ಓಡಿದರೆ ಉಳಿಯುವುದು ಸುಮಾರು 300 ಯೂನಿಟ್. ಕಡೆಗಣಿಸುವ ಮೊತ್ತವಲ್ಲ, ಒಪ್ಪುತ್ತೇನೆ. ರಿವೈಂಡಿಂಗಿನಿಂದ ಅರ್ಧ ಶೇಕಡಾ ಹೋದರೆ ಆಗುವ ನಷ್ಟ ಇದೇ ಲೆಕ್ಕದಲ್ಲಿ 40 ಯೂನಿಟ್ಟಿನ ಒಳಗೆ. ಅಂದರೆ ಹೊಸ ಮೋಟರಿನ ಲಾಭಕ್ಕೆ ಕಾರಣ ಅದರ ಉತ್ತಮ ವಿನ್ಯಾಸವೇ ಹೊರತು ಹಳೆಯದರ ರಿವೈಂಡಿಂಗ್ ಅಲ್ಲ. ಈ ಎರಡನ್ನು ಕಲಸಿ ಹೇಳುವುದು ಪ್ರಾಮಾಣಿಕತೆಯಲ್ಲ. ಇನ್ನು ಆ 300 ಯೂನಿಟ್ ಯಾರಿಗೆ ಉಳಿಯುತ್ತದೆ? ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ರಾಜ್ಯದಲ್ಲಿ ಕರೆಂಟು ಉಚಿತ. ಉಳಿತಾಯ ಸರ್ಕಾರದ ಸಬ್ಸಿಡಿ ಖಾತೆಗೆ, ಖರ್ಚು ರೈತನ ಜೇಬಿನಿಂದ. ಸಾರ್ವಜನಿಕ ಹಿತಕ್ಕೆ ದಕ್ಷತೆ ಬೇಕೆಂದರೆ ಸಾರ್ವಜನಿಕ ಹಣವೇ ಅದಕ್ಕೆ ಬೀಳಬೇಕು. ಬಡಪಾಯಿಯ ಹೊಸ ಮೋಟರಿನ ಸಾಲದ ಮೇಲೆ ರಾಜ್ಯದ ಇಂಧನ ನೀತಿ ನಿಲ್ಲಬಾರದು. ಅಲ್ಲದೆ ಇದಕ್ಕಿಂತ ದೊಡ್ಡ ಸೋರಿಕೆ ಮೋಟರಿನ ಆಚೆಗೇ ಇದೆ. ಅಷ್ಟೇ ನೀರು ಸಾಗಿಸಲು ಎರಡು ಇಂಚಿನ ಪೈಪಿನ ಬದಲು ಎರಡೂವರೆ ಇಂಚಿನದು ಹಾಕಿದರೆ ಘರ್ಷಣೆಯ ನಷ್ಟ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ಕಟ್ಟಿಕೊಂಡ ಫುಟ್‌ವಾಲ್ವ್, ಬೇಡದ ಬೆಂಡುಗಳು, ಆಳಕ್ಕೆ ಹೊಂದದ ಪಂಪು ಇವನ್ನು ಬಿಟ್ಟು ಮೋಟರಿನ ನಾಲ್ಕು ಶೇಕಡಾದ ಬಗ್ಗೆ ಭಾಷಣ ಮಾಡುವುದು ಸುಲಭ, ಏಕೆಂದರೆ ಮೋಟರಿಗೆ ಸ್ಟಾರ್ ಅಂಟಿಸಬಹುದು, ಬೆಂಡಿಗೆ ಅಂಟಿಸಲಾಗುವುದಿಲ್ಲ.

ಗುಜರಿಗೆ ಹೋದರೂ ನಷ್ಟವೇನು, ಕಬ್ಬಿಣ ಮತ್ತೆ ಕುಲುಮೆಗೆ ಹೋಗುತ್ತದಲ್ಲ ಎಂಬ ಮಾತೂ ಇದೆ. ಬೆಟ್ಟ ಅಗೆದು ಅದಿರು ತೆಗೆಯುವುದನ್ನು ಕಣ್ಣಾರೆ ಕಂಡ ಸಂಡೂರು ಸೀಮೆಯಲ್ಲಿ ಈ ಮಾತು ಕೇಳಿಬರುವುದು ಆಶ್ಚರ್ಯ. ಗಣಿಗಾರಿಕೆ ಎಲ್ಲಿಗೆ ಮುಟ್ಟಿತ್ತೆಂದರೆ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಮರುಬಳಕೆ ಒಳ್ಳೆಯದೇ, ಆದರೆ ಮೋಟರ್ ಅದಕ್ಕೆ ಸುಲಭದ ವಸ್ತುವಲ್ಲ. ಸ್ಲಾಟುಗಳಲ್ಲಿ ಸಿಕ್ಕಿಕೊಂಡ ತಾಮ್ರ ಪೂರ್ತಿ ಬಿಡದೆ ಕಬ್ಬಿಣದ ಜೊತೆ ಕರಗಿದರೆ ಆ ತಾಮ್ರವನ್ನು ಉಕ್ಕಿನಿಂದ ಬೇರ್ಪಡಿಸುವ ಸುಲಭದ ದಾರಿಯಿಲ್ಲ, ಉಕ್ಕು ಕಾದಾಗ ಬಿರುಕು ಬಿಡುವ ಗುಣ ಪಡೆಯುತ್ತದೆ. ತಾಮ್ರವನ್ನು ಬಿಡಿಸಲು ಬಯಲಲ್ಲಿ ಸುಡುವ ಹೊಗೆ ಯಾರ ಮೂಗಿಗೆ ಎಂಬುದು ಬೇರೆ ಪ್ರಶ್ನೆ. ಅಳತೆಗೆ ಕತ್ತರಿಸಿ ಒತ್ತಿ ಜೋಡಿಸಿದ ಸಿಲಿಕಾನ್ ಉಕ್ಕಿನ ಹಾಳೆಗಳನ್ನು ಮತ್ತೆ ಹಸಿ ಲೋಹವಾಗಿಸುವುದಕ್ಕಿಂತ ಅವುಗಳೊಳಗೆ ಕೆಲವು ಕಿಲೋ ಹೊಸ ತಂತಿ ತುಂಬುವುದು ಯಾವ ಲೆಕ್ಕದಲ್ಲೂ ಮೇಲು.

ಅಪಾಯದ ಆಕ್ಷೇಪವನ್ನು ಮಾತ್ರ ನಾನು ತಮಾಷೆ ಮಾಡಲಾರೆ. ಕರೆಂಟು ಕೊಲ್ಲುತ್ತದೆ. ಹಾಗಾಗಿ ಮನೆಯಲ್ಲಿ ಮಾಡಬಹುದಾದದ್ದರ ಗಡಿ ಸ್ಪಷ್ಟವಿರಬೇಕು. ಲೈನು, ಮೀಟರು, ಸ್ಟಾರ್ಟರಿನ ಒಳಗಿನ ವೈರಿಂಗು ಪರವಾನಗಿ ಇರುವವರ ಕೆಲಸ. ವೈಂಡಿಂಗ್ ಸುತ್ತುವುದೂ ಸಾಮಾನ್ಯವಾಗಿ ಅಂಗಡಿಯ ಕೆಲಸವೇ. ಮನೆಯಲ್ಲಿ ಕೈ ಹಾಕುವುದು ಅಪರೂಪಕ್ಕೆ, ತಾಳ್ಮೆಯಿದ್ದವರಿಗೆ. ಲೈನಿನಿಂದ ಪೂರ್ತಿ ಬಿಡಿಸಿ ಅಂಗಳಕ್ಕೆ ತಂದ ಮೋಟರ್ ಮಾತ್ರ ಬರೀ ಲೋಹ. ಕಂಡೆನ್ಸರಿನಲ್ಲಿ ಉಳಿದ ಚಾರ್ಜನ್ನು ಇಳಿಸಿದ ಮೇಲೆ ಅದನ್ನು ಬಿಚ್ಚುವುದು, ತೊಳೆಯುವುದು, ಪುಲ್ಲರಿನಿಂದ ಬೇರಿಂಗ್ ಎಳೆಯುವುದು, ಹೊಸದನ್ನು ಎಣ್ಣೆಯಲ್ಲಿ ನೂರು ಡಿಗ್ರಿಯ ಸುಮಾರಿಗೆ ಕಾಯಿಸಿ ಶಾಫ್ಟಿಗೆ ಜಾರಿಸುವುದು, ಗ್ರೀಸನ್ನು ಬೇರಿಂಗಿನ ಖಾಲಿ ಜಾಗದ ಅರ್ಧಕ್ಕಿಂತ ಹೆಚ್ಚು ತುಂಬದಿರುವುದು ಸೈಕಲ್ ರಿಪೇರಿ ಬಲ್ಲವರಿಗೆ ಮೀರಿದ್ದಲ್ಲ. ಪೆಟ್ರೋಲು, ಥಿನ್ನರು ಮುಟ್ಟಬಾರದು: ಒಂದು ಬೆಂಕಿ, ಇನ್ನೊಂದು ವಾರ್ನಿಶನ್ನೇ ಕರಗಿಸುತ್ತದೆ. ಕಟ್ಟಿದ ಮೇಲೆ ಒಂದು ಫೇಸಿನ ಮೋಟರನ್ನು ಮೊದಲು ಸೀರೀಸ್ ಬಲ್ಬಿನಲ್ಲಿ ನೋಡಬೇಕು, ಅರ್ಥಿಂಗ್ ಇಲ್ಲದೆ ಓಡಿಸಲೇಬಾರದು. ಈ ಎಚ್ಚರಗಳನ್ನು ಕೇಳಿ ಇಷ್ಟೆಲ್ಲ ಯಾಕಪ್ಪ ಎನ್ನುವವರು ಒಂದು ಮಾತು ಗಮನಿಸಬೇಕು: ಅರ್ಥಿಂಗ್ ಇಲ್ಲದ ಹೊಸ ಮೋಟರೂ ಅಷ್ಟೇ ಖಚಿತವಾಗಿ ಕೊಲ್ಲುತ್ತದೆ. ಒಳಗನ್ನು ಎಂದೂ ನೋಡದವನಿಗೆ ಅರ್ಥಿಂಗ್ ತಂತಿ ಎಲ್ಲಿ ಸೇರಬೇಕೆಂಬುದೂ ಗೊತ್ತಿರುವುದಿಲ್ಲ.

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ಹೇಳಲು ಹೊರಟಿಲ್ಲ. ಸ್ಟೇಟರಿನ ಹಾಳೆಗಳು ಕರಗಿ ಅಂಟಿದ್ದರೆ, ರೋಟರಿನ ಸರಳುಗಳು ತುಂಡಾಗಿದ್ದರೆ, ಎಂಡ್ ಕವರಿನಲ್ಲಿ ಬೇರಿಂಗ್ ಕೂರುವ ಮನೆ ಸವೆದು ಬುಷ್ ಹಾಕಿದರೂ ನಿಲ್ಲದಂತಾಗಿದ್ದರೆ ಗುಜರಿಯೇ ಸರಿ. ಬೋರಿನೊಳಗಿನ ಸಬ್ಮರ್ಸಿಬಲ್ಲನ್ನು ಅಂಗಳದಲ್ಲಿ ಬಿಚ್ಚಲು ಹೋಗಬಾರದು. ಅದರ ಸೀಲು, ತುಂಬಿದ ನೀರು, ಥ್ರಸ್ಟ್ ಬೇರಿಂಗು ಬೇರೆಯದೇ ಕಸುಬು ಕೇಳುತ್ತವೆ. ಬಿಎಲ್‌ಡಿಸಿ ಫ್ಯಾನಿನ ಕರೆಂಟು ಉಳಿತಾಯ ನಿಜ, ಆದರೆ ಅದರ ಸರ್ಕೀಟು ಸುಟ್ಟರೆ ಆ ಕಂಪನಿಯ ಬೋರ್ಡೇ ಬೇಕು. ಅಲ್ಲಿಗೆ 6203ರಂಥ ಒಪ್ಪಂದವಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿದಾಗ ಕೃಷಿ ಉಪಕರಣಗಳನ್ನೂ ಪಟ್ಟಿಗೆ ಸೇರಿಸಿತು. ಹಳೆಯ ಇಂಡಕ್ಷನ್ ಮೋಟರಿಗೆ ಆ ಹಕ್ಕನ್ನು ಯಾರೂ ಕೊಡಬೇಕಿಲ್ಲ, ಅದು ಹುಟ್ಟಿನಿಂದಲೇ ಬಂದಿದೆ. ಇರುವ ಹಕ್ಕನ್ನು ಬಳಸದೆ ಬಿಟ್ಟು, ಬಿಚ್ಚಲಾಗದ್ದನ್ನು ಕೊಂಡು, ಆಮೇಲೆ ಹಕ್ಕಿಗಾಗಿ ಅರ್ಜಿ ಹಾಕುವುದು ತಲೆಕೆಳಗಾದ ವ್ಯವಹಾರ.

ಕೊನೆಯ ಆಕ್ಷೇಪ ವ್ಯವಹಾರದ್ದೇ: ರಿವೈಂಡಿಂಗ್ ಅಂಗಡಿಯನ್ನು ನಂಬುವುದು ಹೇಗೆ? ಯಾವ ತಂತಿ ಹಾಕಿದರೋ, ಎಷ್ಟು ಸುತ್ತಿದರೋ, ಹಳೆಯ ತಾಮ್ರ ಎಷ್ಟಿತ್ತೋ. ಈ ಸಂಶಯಕ್ಕೆ ಆಧಾರವಿದೆ, ಪರಿಹಾರವೂ ಇದೆ, ಅದಕ್ಕೆ ಹೊಸ ಕಾನೂನು ಬೇಡ. ಗಿರಾಕಿ ಒಂದು ಚೀಟಿ ಕೇಳಲಿ. ಬಿಚ್ಚುವ ಮುನ್ನ ಎಣಿಸಿದ ಸುತ್ತು, ತಂತಿಯ ಗೇಜು, ಕಾಯಿಲಿನ ಪಿಚ್ಚು, ಸ್ಟಾರೋ ಡೆಲ್ಟಾವೋ, ತೆಗೆದ ತಾಮ್ರದ ತೂಕ, ಹಾಕಿದ್ದರ ತೂಕ, ವಾರ್ನಿಶಿನ ದರ್ಜೆ, ಕೊಡುವಾಗಿನ ಮೆಗ್ಗರ್ ಓದು, ಹೊರೆಯಿಲ್ಲದೆ ಓಡಿಸಿದಾಗ ಮೂರು ಫೇಸಿನ ಆಂಪಿಯರ್. ಇಷ್ಟು ಬರೆಯಲು ಒಳ್ಳೆಯ ಮೆಕ್ಯಾನಿಕ್ಕಿಗೆ ಹತ್ತು ನಿಮಿಷ ಸಾಕು. ಬರೆಯಲೊಪ್ಪದ ಅಂಗಡಿಯನ್ನು ಬಿಟ್ಟು ಮುಂದಿನದಕ್ಕೆ ಹೋದರಾಯಿತು. ಚೀಟಿಯ ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ: ಯಾವ ಫೇಸಿನ ಕಾಯಿಲು ಸುಟ್ಟಿತ್ತು, ಯಾವ ರೀತಿ. ಒಬ್ಬನ ಚೀಟಿ ಅವನ ಮೋಟರಿನ ಚರಿತ್ರೆ ಮಾತ್ರ. ಒಂದೇ ಟಿಸಿಯ ಕೆಳಗಿನ ಐದಾರು ರೈತರ ಚೀಟಿಗಳಲ್ಲಿ ಒಂದೇ ಫೇಸ್ ತಪ್ಪಿದ ಗುರುತು ಕಂಡರೆ ಅದು ಆ ಟಿಸಿಯ, ಆ ಲೈನಿನ ಚರಿತ್ರೆ. ಪೂರೈಕೆಯ ವೋಲ್ಟೇಜಿನಲ್ಲಿ ಏರಿಳಿತಕ್ಕೆ ನಿಯಮ ಬಿಟ್ಟಿರುವ ಸಡಿಲ ಆರು ಶೇಕಡಾ. ಲೆಕ್ಕ ಹಾಕಿದರೆ 390ರ ಕೆಳಗಿನದು ರೈತನ ತಪ್ಪಲ್ಲ. ಬರೀ ಬಾಯಿಮಾತಿನಲ್ಲಿ ವೋಲ್ಟೇಜ್ ಇಲ್ಲ ಸಾರ್ ಎಂದು ಹೇಳಿ ಬರುವವನಿಗೂ ಆರು ಚೀಟಿಗಳನ್ನು ಪಿನ್ನು ಹೊಡೆದು ವಿದ್ಯುತ್ ಪೂರೈಸುವ ಜೆಸ್ಕಾಂನ ಸೆಕ್ಷನ್ ಆಫೀಸಿನ ಮೇಜಿನ ಮೇಲಿಟ್ಟು ಸ್ವೀಕೃತಿ ಸಹಿ ಕೇಳುವವನಿಗೂ ಸಿಗುವ ಉತ್ತರ ಒಂದೇ ಆಗಿರುವುದಿಲ್ಲ.